ಚದುರಂಗದ ಮಗ್ಗುಲ ಸಾಲು

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮಹೇಶ್ವರಪ್ಪನವರ ಪ್ರೆಸ್ಸಿತ್ತು. ಲಗ್ನಪತ್ರಿಕೆ, ಅಡಿಕೆ ಮಂಡಿಯ ರಸೀದಿ ಪುಸ್ತಕ, ಟೆಂಟ್ ಸಿನಿಮಾದ ಹ್ಯಾಂಡ್‌ಬಿಲ್ಲು, ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರ ಚೀಟಿ, ಎಲ್ಲವೂ ಅಲ್ಲೇ ಅಚ್ಚಾಗಬೇಕು. ಅಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದವನು ಓಂಕಾರಪ್ಪ.

ಸೂಳೆಕೆರೆಯ ದಂಡೆಯ ಹಳ್ಳಿಯವನು ಅವನು. ಅಪ್ಪ ಕೆರೆಗೆ ಬಲೆ ಹಾಕಿ, ಸುಗ್ಗಿಯಲ್ಲಿ ಕಂಡವರ ಗದ್ದೆಗೆ ಹೋಗಿ ಮಗನನ್ನು ಎಸ್ಸೆಸ್ಸೆಲ್ಸಿ ತನಕ ಓದಿಸಿದ್ದ. ಪರೀಕ್ಷೆ ಕೈಕೊಟ್ಟಿತು. ದಾವಣಗೆರೆಯ ಒಂದು ಪ್ರೆಸ್ಸಿನಲ್ಲಿ ಕಸ ಗುಡಿಸಲು ಸೇರಿದ ಓಂಕಾರಪ್ಪ ನೋಡಿ ನೋಡಿಯೇ ಮೊಳೆ ಜೋಡಿಸುವುದನ್ನು ಕಲಿತ. ಚನ್ನಗಿರಿಗೆ ಬರುವ ಹೊತ್ತಿಗೆ ಮೊಳೆ ತುಂಬಿದ ಖಾನೆಗಳ ಕೇಸಿನ ಕಡೆ ನೋಡದೆ ಮಾತಾಡುತ್ತಲೇ ಅಕ್ಷರ ಹೆಕ್ಕುವಷ್ಟು ಕೈ ಪಳಗಿತ್ತು. ಅವನು ಜೋಡಿಸಿದ ಲಗ್ನಪತ್ರಿಕೆಗಳು ತಾಲ್ಲೂಕಿನ ದೊಡ್ಡ ಮನೆಗಳ ದೇವರ ಕೋಣೆಯವರೆಗೂ ಹೋಗುತ್ತಿದ್ದವು. ಪ್ರೂಫ್ ತೋರಿಸಲು ಹೋದ ಅವನು ಮಾತ್ರ ಹೊರಗಿನ ಕಟ್ಟೆಯ ಮೇಲೆ ಕೂತು ಎದ್ದು ಬರುತ್ತಿದ್ದ. ಅದು ಆ ಮನೆಯವರಿಗೂ ಹೊಸದಲ್ಲ, ಅವನಿಗೂ ಹೊಸದಲ್ಲ. ಆದರೆ ಕೇಸಿನ ಮುಂದೆ ನಿಂತಾಗ ತನ್ನ ಸರಿಸಾಟಿ ಯಾರೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ಒಂದು ಹೆಮ್ಮೆಯ ಮೇಲೆಯೇ ಅವನು ಬದುಕಿದ್ದ ಎಂದರೂ ತಪ್ಪಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಅವನ ಬಲಗೈ ನಡುಗತೊಡಗಿತು.

ಮೊದಲು ಹೆಬ್ಬೆರಳು. ಆಮೇಲೆ ಅದರ ಪಕ್ಕದ್ದು. ಕೈ ಸುಮ್ಮನೆ ತೊಡೆಯ ಮೇಲಿದ್ದರೂ ತನ್ನಷ್ಟಕ್ಕೇ ಅದು ಏನನ್ನೋ ಹೊಸೆಯುತ್ತಿರುವಂತೆ ಆಡುತ್ತಿತ್ತು. ಹೆಂಡತಿ ಸುಂಕಲಮ್ಮ ಕಂಡಳು, ಕೇಳಿದಳು. "ಉಷ್ಣ" ಎಂದ. ಅವಳು ಬಿಡದೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ಅವನನ್ನು ನಡೆಸಿ ನೋಡಿದರು, ಬೆರಳು ಮಡಿಸಿ ಬಿಚ್ಚಲು ಹೇಳಿದರು, ಗುಳಿಗೆ ಬರೆದರು. "ನರದ ಕಾಯಿಲೆ. ಗುಳಿಗೆಯಿಂದ ತಡೀಬಹುದು, ಹೋಗೋದಿಲ್ಲ" ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಓಂಕಾರಪ್ಪ ಹೆಂಡತಿಗೆ ಒಂದೇ ಮಾತು ಹೇಳಿದ: "ಪ್ರೆಸ್ಸಿನಲ್ಲಿ ಯಾರಿಗೂ ತಿಳೀಬಾರ್ದು."

ಬಸವಾಪಟ್ಟಣದ ಮರುಳಪ್ಪನವರು ಪ್ರೆಸ್ಸಿನ ಮೆಟ್ಟಿಲು ಹತ್ತಿದ್ದು ಅದಾದ ಮೇಲಿನ ವರ್ಷ. ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು, ಹೆಂಡತಿಯನ್ನು ಕಳಕೊಂಡವರು. ಅವರಿಗಿದ್ದ ಹುಚ್ಚು ಒಂದೇ, ಚದುರಂಗ. ನೌಕರಿಯಲ್ಲಿದ್ದಷ್ಟು ಕಾಲ ಎಲ್ಲೆಲ್ಲಿಯವರ ಜೊತೆಗೋ ಕಾರ್ಡಿನಲ್ಲಿ ನಡೆ ಬರೆದು ಆಟ ಆಡಿದ್ದರು. ಒಂದು ಆಟ ಮುಗಿಯಲು ವರ್ಷವೂ ಹಿಡಿಯುತ್ತಿತ್ತು. ಈಗ ಹಳ್ಳಿಯ ಮಕ್ಕಳಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಚದುರಂಗದ ಪುಸ್ತಕವೊಂದನ್ನು ಬರೆದು ತಂದಿದ್ದರು. ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿ. ಬೆಂಗಳೂರಿನಲ್ಲಿ ಮುಚ್ಚಿಹೋದ ಒಂದು ಪ್ರೆಸ್ಸಿನಿಂದ ಹುಡುಕಿ ತಂದ ಚದುರಂಗದ ಮೊಳೆಗಳು ಅದರಲ್ಲಿದ್ದವು. ಬಿಳಿ ಮನೆಯ ಮೇಲಿನ ಕುದುರೆಗೆ ಒಂದು ಮೊಳೆ, ಗೆರೆ ಹೊಡೆದ ಕಪ್ಪು ಮನೆಯ ಮೇಲಿನ ಕುದುರೆಗೆ ಇನ್ನೊಂದು. ಬರಿಯ ಮನೆಗಳಿಗೂ ಬೇರೆ ಬೇರೆ ಮೊಳೆ. ಅರವತ್ತನಾಲ್ಕನ್ನು ಒತ್ತಾಗಿ ಜೋಡಿಸಿದರೆ ಒಂದು ಪಟ.

"ಪಟ ಎಡಕ್ಕಿರಬೇಕು, ಅದರ ವಿವರಣೆ ಬಲಕ್ಕೆ, ಮಗ್ಗುಲಲ್ಲೇ ಇರಬೇಕು" ಎಂದರು ಮರುಳಪ್ಪನವರು. "ನಡೆ ಒಂದು ಪುಟದಾಗೆ, ಪಟ ಇನ್ನೊಂದು ಪುಟದಾಗೆ ಇದ್ರೆ ಓದೋ ಹುಡುಗ ಅರ್ಧಕ್ಕೇ ಬಿಟ್ಟು ಏಳ್ತಾನೆ. ಕಣ್ಣು ಪಟದಿಂದ ಸಾಲಿಗೆ, ಸಾಲಿನಿಂದ ಪಟಕ್ಕೆ ಹಂಗೇ ಜಾರಬೇಕು."

ಮಹೇಶ್ವರಪ್ಪನವರು ತಲೆ ಕೆರೆದುಕೊಂಡರು. "ಇದು ದಾವಣಗೆರೆ ಕೆಲಸ, ಮಾಸ್ತರೆ. ನಮ್ಮಲ್ಲಿ ಆಗ್ತೈತೋ ಇಲ್ಲೋ."

"ಓಂಕಾರಪ್ಪನ ಕೈಲಿ ಆಗ್ತೈತೆ. ನನ್ನ ಮಗಳ ಲಗ್ನಪತ್ರಿಕೆ ಅವನೇ ಮಾಡಿದ್ದು. ಬೇರೆ ಯಾರ ಕೈಲಾದ್ರೂ ಮಾಡ್ಸೋದಾದ್ರೆ ನನಗೆ ಪುಸ್ತಕಾನೇ ಬೇಡ."

ಓಂಕಾರಪ್ಪ ಬಲಗೈಯನ್ನು ಚಡ್ಡಿಯ ಜೇಬಿನಲ್ಲಿಟ್ಟುಕೊಂಡು ನಿಂತಿದ್ದ. "ಮಾಡ್ತೀನಿ ಮಾಸ್ತರೆ" ಎಂದ.

ಕೆಲಸಕ್ಕೆ ಕೂತಾಗ ಅದರ ಕಷ್ಟ ತಿಳಿಯಿತು. ಕೈಬರಹದಲ್ಲಾದರೆ ಚಿತ್ರದ ಮಗ್ಗುಲಲ್ಲಿ ಎಷ್ಟು ಸಾಲು ಬರೆದರೂ ಯಾರೂ ಕೇಳುವುದಿಲ್ಲ. ಸೀಸದಲ್ಲಿ ಹಾಗಲ್ಲ. ಪಟದ ಎತ್ತರ ಎಷ್ಟೋ ಅದರ ಪಕ್ಕದ ಸಾಲುಗಳ ಒಟ್ಟು ಎತ್ತರವೂ ಕೂದಲೆಳೆ ಹೆಚ್ಚುಕಡಿಮೆ ಇಲ್ಲದೆ ಅಷ್ಟೇ ಇರಬೇಕು. ಒಂದು ಕಡೆ ಚೂರು ತಗ್ಗಾದರೂ ಕಬ್ಬಿಣದ ಚೌಕಟ್ಟು ಬಿಗಿಯುವುದಿಲ್ಲ, ಎತ್ತಿದ ಕೂಡಲೆ ಮೊಳೆಗಳು ನಡುವಿನಿಂದ ಉದುರುತ್ತವೆ. ಚದುರಂಗದ ಮೊಳೆ ಬೇರೆ ಊರಿನದು, ಬೇರೆ ಅಳತೆಯದು. ಕನ್ನಡದ ಸಾಲಿಗೋ ಕೆಳಗೆ ಒತ್ತಕ್ಷರ ತೂಗುತ್ತದೆ. ಎಂಟು ಮನೆಗಳ ಎತ್ತರಕ್ಕೆ ಕನ್ನಡದ ಸಾಲುಗಳು ಯಾವತ್ತೂ ಸರಿಯಾಗಿ ಕೂರುತ್ತಿರಲಿಲ್ಲ. ಒಂದೋ ಕೊನೆಯ ಸಾಲು ಪಟದಿಂದ ಕೆಳಗಿಳಿಯುತ್ತಿತ್ತು, ಇಲ್ಲವೇ ಕೆಳಗೆ ಖಾಲಿ ಉಳಿಯುತ್ತಿತ್ತು.

ಓಂಕಾರಪ್ಪ ಸಾಲುಗಳ ನಡುವೆ ಇಡುವ ಸೀಸದ ತೆಳು ಪಟ್ಟಿಗಳನ್ನು ಒಂದೊಂದಾಗಿ ಬದಲಿಸಿ ನೋಡಿದ. ಅದೂ ಸಾಲದಾದಾಗ ಮಿಕ್ಕುಳಿದ ಲಗ್ನಪತ್ರಿಕೆಗಳ ಗಟ್ಟಿ ಕಾಗದವನ್ನು ಸಣ್ಣಗೆ ಸೀಳಿ ಸಾಲಿನ ಸಂದಿಯಲ್ಲಿ ತುರುಕಿದ. ಮೊದಲ ಸಾಲಿನ ತಲೆ ಪಟದ ತಲೆಗೆ, ಕೊನೆಯ ಸಾಲಿನ ಬುಡ ಪಟದ ಬುಡಕ್ಕೆ ಬಂದು ನಿಂತಿತು. ಮೊದಲ ಪುಟಗಳ ಪ್ರೂಫ್ ನೋಡಿದ ಮರುಳಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡು, "ಅಚ್ಚಾಗ್ತೈತೆ ಅಂತ ನನಗೇ ನಂಬಿಕೆ ಇರ್ಲಿಲ್ಲ, ಓಂಕಾರಪ್ಪ" ಎಂದರು.

ಅಷ್ಟರಲ್ಲಿ ನಡುಕ ಮೊಣಕೈಗೆ ಏರಿತ್ತು. ಮೊದಲು ಒಂದು ಗಳಿಗೆಯಲ್ಲಿ ಆಗುತ್ತಿದ್ದ ಸಾಲಿಗೆ ಈಗ ಒಂದು ತಾಸು ಹಿಡಿಯುತ್ತಿತ್ತು. ಹೆಕ್ಕಿದ ಮೊಳೆ ಬೆರಳ ಸಂದಿಯಿಂದ ಜಾರಿ ಬೀಳುತ್ತಿತ್ತು. ಮಹೇಶ್ವರಪ್ಪನವರು ಊಟಕ್ಕೆ ಹೋದ ಹೊತ್ತು ನೋಡಿ ಅವನು ಬಗ್ಗಿ ಅವನ್ನೆಲ್ಲ ಆರಿಸುತ್ತಿದ್ದ.

ಒಂದು ದಿನ ಮಧ್ಯಾಹ್ನ, ಜೋಡಿಸಿ ಮುಗಿದ ಪುಟವನ್ನು ತಟ್ಟೆಯ ಸಮೇತ ಎತ್ತಿ ಪುಟಗಳನ್ನು ಚೌಕಟ್ಟಿಗೆ ಬಿಗಿಯುವ ಕಲ್ಲಿನ ಕಡೆ ಒಯ್ಯುವಾಗ ಕೈ ಒಮ್ಮೆಲೆ ಜಗ್ಗಿತು. ತಟ್ಟೆ ವಾಲಿತು. ಪಟವೂ ಸಾಲೂ ಕಲೆತು ನೆಲದ ಮೇಲೆ ಸೀಸದ ರಾಶಿಯಾಯಿತು. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಹೇಶ್ವರಪ್ಪನವರು ಎದ್ದು ಬಂದರು. ಅವರ ಕಣ್ಣು ಮೊಳೆಗಳ ಮೇಲಿರಲಿಲ್ಲ, ಓಂಕಾರಪ್ಪನ ಕೈಯ ಮೇಲಿತ್ತು. ಅದು ಇನ್ನೂ ನಡುಗುತ್ತಿತ್ತು.

"ಯಾವಾಗಿಂದ ಹಿಂಗೆ?"

"ಏನಿಲ್ಲ ಸಾವ್ಕಾರ್ರೆ. ಬೆವರಿಗೆ ಜಾರ್ತು."

ಅದೇ ಹೊತ್ತಿಗೆ ಸುಂಕಲಮ್ಮ ಬುತ್ತಿ ತಂದು ಬಾಗಿಲಲ್ಲಿ ನಿಂತಿದ್ದಳು. ನಾಲ್ಕನೇ ಇಯತ್ತೆ ಓದಿದವಳು, ಮಂಡಿಗಳಲ್ಲಿ ಅಡಿಕೆ ಆರಿಸುವ ಕೆಲಸಕ್ಕೆ ಹೋಗುತ್ತಿದ್ದವಳು. ಅವಳು ಯಾರನ್ನೂ ಏನೂ ಕೇಳಲಿಲ್ಲ. ಬುತ್ತಿ ಕೆಳಗಿಟ್ಟು ಕುಕ್ಕುರುಗಾಲಲ್ಲಿ ಕೂತು ಮೊಳೆಗಳನ್ನು ಆರಿಸತೊಡಗಿದಳು. ಚದುರಂಗದವು ಒಂದು ಕಡೆ, ಅಕ್ಷರಗಳು ಒಂದು ಕಡೆ, ಒತ್ತಕ್ಷರಗಳು ಇನ್ನೊಂದು ಕಡೆ. ಮಹೇಶ್ವರಪ್ಪನವರು ಅವಳ ಬೆರಳುಗಳನ್ನು ನೋಡುತ್ತ ನಿಂತರು.

"ಇವಳಿಗೆ ಓದಾಕೆ ಬರ್ತೈತೇನೋ?" ಎಂದು ಓಂಕಾರಪ್ಪನನ್ನು ಕೇಳಿದರು.

"ಬರ್ತೈತ್ರಿ" ಎಂದಳು ಸುಂಕಲಮ್ಮ, ತಲೆ ಎತ್ತದೆ.

ಹಾಗೆ ಅವಳು ಪ್ರೆಸ್ಸಿಗೆ ಬಂದಳು. ಮಹೇಶ್ವರಪ್ಪನವರು ಕೆಟ್ಟವರಲ್ಲ. ಹಿಡಿದ ಕೆಲಸ ಮುಗಿಯಬೇಕಿತ್ತು, ಓಂಕಾರಪ್ಪನನ್ನು ಬಿಡಿಸಲೂ ಅವರಿಗೆ ಮನಸ್ಸಿರಲಿಲ್ಲ. "ಪೋಸ್ಟ್ ಮಾಸ್ತರಿಗೆ ಮಾತ್ರ ಇದು ಗೊತ್ತಾಗೋದು ಬೇಡ. ಓಂಕಾರಪ್ಪನ ಕೈಲೇ ಆಗಬೇಕು ಅಂತ ಕೊಟ್ಟವ್ರೆ. ಕೇಳಿದ್ರೆ ಇವಳು ಮೊಳೆ ತೊಳೆಯಾಕೆ ಬರ್ತಾಳೆ ಅನ್ರಿ" ಎಂದರು. ಗಂಡ ಹೆಂಡತಿ ಇಬ್ಬರೂ ತಲೆಯಾಡಿಸಿದರು.

ಓಂಕಾರಪ್ಪ ಮನೆಯಲ್ಲಿ ಎಂದೂ ದನಿ ಎತ್ತಿದವನಲ್ಲ. ಕೇಸಿನ ಮುಂದೆ ಬೇರೆಯೇ ಮನುಷ್ಯನಾದ. ಪಕ್ಕದ ಸ್ಟೂಲಿನ ಮೇಲೆ ಕೂತು ಅವನು ಹೇಳಬೇಕು, ಅವಳು ಹೆಕ್ಕಬೇಕು.

"ಅದಲ್ಲ. ಅದರ ಕೆಳಗಿನ ಮನೆ. ಕಣ್ಣು ಕಾಣಲ್ವಾ?"

"ತಲೆಕೆಳಗಾಗಿ ಕಾಣ್ತೈತೆ. ಚೂರು ತಡೀರಿ."

"ತಲೆಕೆಳಗಾಗೇ ಓದ್ಬೇಕು. ಇಲ್ಲಾಂದ್ರೆ ಮಂಡಿಗೆ ಹೋಗು."

ಒಮ್ಮೆ ಅವಳು ಪಟದಲ್ಲಿ ಒಂಟೆಯ ಜಾಗದಲ್ಲಿ ಕುದುರೆ ಕೂರಿಸಿದಾಗ ಅವನು ಅವಳ ಕೈಯಲ್ಲಿದ್ದ, ಮೊಳೆ ಸಾಲುಗೂಡಿಸುವ ಸ್ಟಿಕ್ಕನ್ನು ತಳ್ಳಿದ. ಬೇಕೆಂದೇ ತಳ್ಳಿದನೋ, ಕೈ ತಾನಾಗಿ ಹೋಯಿತೋ ಅವನಿಗೇ ತಿಳಿಯಲಿಲ್ಲ. ಮೊಳೆಗಳು ಚೆಲ್ಲಿದವು. ಸುಂಕಲಮ್ಮ ಅವನ ಮುಖವನ್ನು ಒಮ್ಮೆ ನೋಡಿ, ಮತ್ತೆ ಮೊದಲಿನಿಂದ ಜೋಡಿಸಲು ಶುರುಮಾಡಿದಳು.

ಮಳೆಗಾಲ ಮುಗಿಯುವುದರೊಳಗೆ ಅವಳಿಗೆ ಹೇಳಿಕೊಡಬೇಕಾದ ಅಗತ್ಯವೇ ಉಳಿಯಲಿಲ್ಲ. ಸಾಲು ಮೇಲೆ ಕೆಳಗಾದರೆ ತಾನೇ ಬೆರಳಾಡಿಸಿ ತಿಳಿದುಕೊಳ್ಳುತ್ತಿದ್ದಳು, ತಾನೇ ಕಾಗದದ ಸೀಳು ತುರುಕುತ್ತಿದ್ದಳು. ವಿವರಣೆ ಪಟಕ್ಕಿಂತ ಉದ್ದವಾದಾಗ ಮಿಕ್ಕ ಸಾಲುಗಳನ್ನು ಪಟದ ಕೆಳಗೆ ಅಗಲವಾಗಿ ಹರಡುವುದನ್ನೂ ಕಲಿತಳು. ಓಂಕಾರಪ್ಪ ಸ್ಟೂಲಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಬೈಯಲು ತಪ್ಪು ಸಿಗದ ದಿನಗಳಲ್ಲಿ ಅವನು ಮನೆಗೆ ಬಂದು ಉಣ್ಣದೆ ಮಲಗುತ್ತಿದ್ದ. ಸುಂಕಲಮ್ಮನಿಗೂ ಅದು ಅರ್ಥವಾಗುತ್ತಿತ್ತು. ಆದರೆ ಅವನಿಗಾಗಿ ಬೇಕೆಂದೇ ತಪ್ಪು ಮಾಡಲು ಅವಳ ಮನಸ್ಸೊಪ್ಪಲಿಲ್ಲ.

ಮರುಳಪ್ಪನವರು ಬಂದಾಗಲೆಲ್ಲ ಸುಂಕಲಮ್ಮ ಹಿಂದಿನ ಬಚ್ಚಲಿಗೆ ಹೋಗಿ ಸೀಮೆಎಣ್ಣೆಯಲ್ಲಿ ಮೊಳೆ ತೊಳೆಯುತ್ತ ಕೂರುವಳು. ಮುಂದುಗಡೆಯ ಮಾತು ಅವಳಿಗೆ ಕೇಳಿಸುತ್ತಿತ್ತು.

"ಬರ್ತಾ ಬರ್ತಾ ಇನ್ನೂ ಚೆಂದ ಆಗ್ತೈತಲ್ಲ ಓಂಕಾರಪ್ಪ. ಈ ಪುಟ ನೋಡು, ಮೇಲೂ ಸಮ, ಕೆಳಗೂ ಸಮ. ನಿನ್ನ ಕೈಯಾಗೆ ಏನೈತೋ ಮಾರಾಯ."

"ನಿಮ್ಮ ಆಶೀರ್ವಾದ, ಮಾಸ್ತರೆ" ಎನ್ನುತ್ತಿದ್ದ ಓಂಕಾರಪ್ಪ. ಕೈ ಜೇಬಿನಲ್ಲೇ ಇರುತ್ತಿತ್ತು.

ಕೊನೆಯ ಪುಟದ ದಿನ ಮರುಳಪ್ಪನವರು ಹೊಸ ಮಾತೊಂದು ತೆಗೆದರು. "ಬರೆದವನ ಹೆಸರು, ಪ್ರೆಸ್ಸಿನ ಹೆಸರು ಎಲ್ಲರೂ ಹಾಕ್ತಾರೆ. ಈ ಪುಸ್ತಕ ಮಾಡ್ದೋನು ನೀನು. ಕಡೇ ಪುಟದಾಗೆ ನಿನ್ನ ಹೆಸರೂ ಇರ್ಬೇಕು. 'ಮೊಳೆ ಜೋಡಿಸಿದವರು' ಅಂತ ಹಾಕಿ ಹೆಸರು ಹಾಕು. ನಾನೇ ಹೇಳ್ತಿದೀನಿ, ಹಾಕು."

ಮಹೇಶ್ವರಪ್ಪನವರು ಓಂಕಾರಪ್ಪನ ಮುಖ ನೋಡಿದರು. ಅವನು ನೆಲ ನೋಡುತ್ತಿದ್ದ. ಬಚ್ಚಲಿನಲ್ಲಿ ಮೊಳೆ ತೊಳೆಯುವ ಸದ್ದು ನಿಂತಿತ್ತು.

"ಆಗ್ಲಿ ಮಾಸ್ತರೆ" ಎಂದ ಓಂಕಾರಪ್ಪ.

ಅವರು ಹೋದ ಮೇಲೆ ಸುಂಕಲಮ್ಮ ಕೈ ಒರೆಸಿಕೊಂಡು ಬಂದು ಕೇಸಿನ ಮುಂದೆ ನಿಂತಳು. "ಏನಂತ ಹಾಕ್ಲಿ?" ಎಂದು ಕೇಳಿದಳು.

ಅವನು "ಅವ್ರು ಹೇಳಿದಂಗೆ" ಎಂದ.

ಅವಳು ಜೋಡಿಸಿದಳು. 'ಮೊಳೆ ಜೋಡಿಸಿದವರು' ಎಂದಾದ ಮೇಲೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಆ ಹೆಂಗಸು ಅದರ ಒಂದೊಂದು ಅಕ್ಷರವನ್ನೂ ಹುಡುಕಿ, ಹೆಕ್ಕಿ, ಸ್ಟಿಕ್ಕಿನಲ್ಲಿಟ್ಟಳು. ಪಕಾರದ ಒತ್ತನ್ನು ಕೆಳಗೆ ಕೂರಿಸಿದಳು. ಎರಡೂ ಬದಿಗೆ ಸಮವಾಗಿ ಜಾಗ ಬಿಟ್ಟು ಸಾಲನ್ನು ನಡುವಿಗೆ ತಂದು ಅವನ ಮುಂದೆ ಹಿಡಿದಳು. "ಸರಿ ಐತಾ ನೋಡ್ರಿ."

ಓಂಕಾರಪ್ಪ ನೋಡಲಿಲ್ಲ. ಎದ್ದು ಹೊರಗೆ ಹೋದ.

ಆ ವಾರವೇ ಅವನು ಜಗಳೂರಿನ ಕಡೆ ಅಕ್ಕ ಉಡಚಮ್ಮನ ಹಳ್ಳಿಗೆ ಹೊರಟುಬಿಟ್ಟ. ಅಕ್ಕನಿಗೆ ಮೈ ಸರಿಯಿಲ್ಲ ಎಂದ. ಉಡಚಮ್ಮ ಗಟ್ಟಿಮುಟ್ಟಾಗಿದ್ದಾಳೆ ಎಂಬುದು ಸುಂಕಲಮ್ಮನಿಗೆ ಗೊತ್ತಿತ್ತು. ಆದರೂ ತಡೆಯಲಿಲ್ಲ. ಅಂಗಿಯ ಗುಂಡಿ ಹಾಕಿ, ಗುಳಿಗೆಯ ಚೀಟಿ ಜೇಬಿಗಿಟ್ಟು ಬಸ್ಸು ಹತ್ತಿಸಿದಳು.

ಪುಸ್ತಕ ಹೊರಬಂದಾಗ ಮರುಳಪ್ಪನವರು ಓಂಕಾರಪ್ಪನಿಗೆಂದು ಶಾಲೊಂದನ್ನು ಹಿಡಿದು ಬಂದರು. ಅವನಿರಲಿಲ್ಲ. ಕೇಸಿನ ಮುಂದೆ ಸುಂಕಲಮ್ಮ ಅಡಿಕೆ ಮಂಡಿಯ ರಸೀದಿ ಜೋಡಿಸುತ್ತಿದ್ದಳು. ಅವರು ಸ್ವಲ್ಪ ಹೊತ್ತು ಅವಳ ಕೈ ನೋಡುತ್ತ ನಿಂತರು. ಈಗ ಕೇಳಿದರೆ ಹೇಳಿಬಿಡುತ್ತೇನೆ ಅಂದುಕೊಂಡಳು.

"ಗಂಡನ ಕೆಲಸ ಚೂರುಪಾರು ಕಲ್ತೀಯಲ್ಲಮ್ಮ. ಒಳ್ಳೇದು" ಎಂದು ಮರುಳಪ್ಪನವರು ಶಾಲನ್ನು ಮೇಜಿನ ಮೇಲಿಟ್ಟು, "ಅವನು ಬಂದ ಕೂಡಲೆ ಕೊಡು" ಎಂದು ಹೇಳಿ ಹೋದರು.

ಅವನು ಬರಲಿಲ್ಲ. ಹಿಂಗಾರಿ ಜೋಳ ಹಾಲು ತುಂಬುವ ಹೊತ್ತಿಗೆ ಸುಂಕಲಮ್ಮ ತಾನೇ ಜಗಳೂರಿಗೆ ಹೋದಳು. ಅಲ್ಲಿಂದ ಉಡಚಮ್ಮನ ಹಳ್ಳಿಗೆ ನಡೆದೇ ಹೋಗಬೇಕು. ಗಿಡಮರ ಕಡಿಮೆ, ಕಣ್ಣು ಹಾಯುವಷ್ಟು ದೂರ ಬಯಲು. ಓಂಕಾರಪ್ಪ ಮನೆಯ ಮುಂದೆ ಹಗ್ಗದ ಮಂಚದ ಮೇಲೆ ಕೂತಿದ್ದ. ಗಡ್ಡ ಬಿಟ್ಟಿದ್ದ. ಈಗ ಎಡಗೈಯೂ ಆಡುತ್ತಿತ್ತು.

"ಕೇಸಿನ ಮುಂದೆ ಯಾರು ಅವ್ರೆ?" ಎಂದು ಮೊದಲು ಕೇಳಿದ.

"ನಾನೇ."

"ಮತ್ಯಾಕೆ ಬಂದೆ?"

"ಮನೆಗೆ ನೀವು ಬೇಕು, ಅದಕ್ಕೆ ಬಂದೀನಿ. ಕೆಲಸಕ್ಕಲ್ಲ."

ಅವಳು ಚೀಲದಿಂದ ಶಾಲು ತೆಗೆದು ಮಂಚದ ಮೇಲಿಟ್ಟಳು, ಯಾರು ಕೊಟ್ಟಿದ್ದೆಂದು ಹೇಳಿದಳು. ಅವನು ಹಾವು ಕಂಡವನಂತೆ ಅತ್ತ ಸರಿದ.

"ತಗೊಂಡು ಹೋಗು ಅದನ್ನ. ನನಗೆ ಸಂಕಟ ಆಗ್ತೈತೆ. ನೀನು ಮೊಳೆ ಹೆಕ್ಕೋದು ನೋಡಿದ್ರೆ ನನ್ನ ಕೈ ಕಡಿದು ನಿನಗೆ ಕೊಟ್ಟಂಗೆ ಆಗ್ತೈತೆ. ಊರೋರು ಕಟ್ಟೆ ಮ್ಯಾಲೆ ಕೂರ್ಸಿದ್ರೂ ಚಿಂತೆ ಇರ್ಲಿಲ್ಲ. ಆ ಕೇಸು ಒಂದು ನಂದಾಗಿತ್ತು."

"ನನಗೆ ಏನಾಯ್ತು ಅಂತ ನೀವು ಕೇಳೇ ಇಲ್ಲ" ಎಂದಳು. "ಆ ಸಾಲು ಜೋಡ್ಸೋವಾಗ ಸ್ಟಿಕ್ಕು ಎಸೆದು ಹೋಗಾಕೆ ಮನಸ್ಸಾಗಿತ್ತು. ನಿಮ್ಮ ಹೆಸರು ಬಂತಲ್ಲ ಅಂತಲ್ಲ. ನನ್ನ ಕೈಲೇ ಹಾಕ್ಸಿದ್ರಲ್ಲ, ಅದಕ್ಕೆ."

ಉಡಚಮ್ಮ ರೊಟ್ಟಿ ಕೊಟ್ಟಳು. ಸುಂಕಲಮ್ಮ ಉಂಡು, ಶಾಲನ್ನು ಅತ್ತಿಗೆಯ ಕೈಗೆ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಟಳು. ಓಂಕಾರಪ್ಪ ಬಸ್ಸಿನವರೆಗೆ ಬರಲಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಅವಳು ಒಂದು ಬೆಂಚಿನ ಮೇಲೆ ಕೂತು ಅತ್ತಳು. ಊರು ಸೇರಿದ ಮೇಲೆ ಅಳಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ಮನೆಗೂ ಹೋಗದೆ ನೇರ ಪ್ರೆಸ್ಸಿಗೆ ಬಂದ. ಮಹೇಶ್ವರಪ್ಪನವರು "ಬಾ" ಎಂದರು. ಸ್ಟೂಲಿನ ಮೇಲೆ ಕೂತ. ಸುಂಕಲಮ್ಮ ಒಂದು ಪ್ರೂಫ್ ತಂದು ಅವನ ತೊಡೆಯ ಮೇಲಿಟ್ಟಳು. ಅವನು ಓದಿ, "ಇಲ್ಲಿ ದೀರ್ಘ ಬಿಟ್ಟೀಯ" ಎಂದ. ಅವಳು ತಿದ್ದಿದಳು. ಅಂದಿನಿಂದ ಅವನ ಕೆಲಸ ಪ್ರೂಫ್ ನೋಡುವುದಾಯಿತು. ಪೆನ್ನು ಹಿಡಿಯಲಾಗದ ದಿನ ಬಾಯಲ್ಲಿ ಹೇಳುತ್ತಿದ್ದ, ಅವಳು ಗುರುತು ಹಾಕಿಕೊಳ್ಳುತ್ತಿದ್ದಳು. ಆ ಪುಸ್ತಕದ ಮಾತನ್ನು ಇಬ್ಬರೂ ಎತ್ತಲಿಲ್ಲ. ಮರುಳಪ್ಪನವರು ಆಗೊಮ್ಮೆ ಈಗೊಮ್ಮೆ ಬಂದು ಕೂತು ಎರಡನೇ ಭಾಗ ಬರೆಯುತ್ತಿದ್ದೇನೆ ಎನ್ನುತ್ತಿದ್ದರು. ಅದು ಮುಗಿಯುವ ಮೊದಲೇ, ಎಂಬತ್ತನಾಲ್ಕರಲ್ಲಿ, ಬಸವಾಪಟ್ಟಣದಲ್ಲಿ ತೀರಿಕೊಂಡರು. ಗಂಡ ಹೆಂಡತಿ ಮಣ್ಣಿಗೆ ಹೋಗಿ ಹಿಂದೆ ನಿಂತು ಬಂದರು.

ಎರಡು ವರ್ಷದ ಮೇಲೆ ನ್ಯಾಮತಿಯಿಂದ ಧರ್ಮಪ್ಪ ಎಂಬ ಮೇಷ್ಟ್ರು ಆ ಪುಸ್ತಕ ಹಿಡಿದು ಪ್ರೆಸ್ಸಿಗೆ ಬಂದರು. ಶಾಲೆಯ ಮಕ್ಕಳಿಗೆ ಅದರಿಂದಲೇ ಆಟ ಕಲಿಸುತ್ತಿದ್ದರಂತೆ. ಇನ್ನಷ್ಟು ಪ್ರತಿ ಸಿಗುತ್ತವೆಯೇ ಎಂದು ಕೇಳಿದರು. ಇಲ್ಲ ಎಂದರು ಮಹೇಶ್ವರಪ್ಪನವರು. ಕೊನೆಯ ಪುಟದ ಹೆಸರು ತೋರಿಸಿ, "ಇವ್ರು ಇಲ್ಲೇ ಅವ್ರೇನ್ರಿ? ಒಂದ್ಸಾರಿ ಮಾತಾಡ್ಸಬೇಕಿತ್ತು" ಎಂದರು ಮೇಷ್ಟ್ರು.

ಓಂಕಾರಪ್ಪ ಪುಸ್ತಕಕ್ಕೆ ಕೈ ಚಾಚಿದ. ಹಾಳೆ ತಿರುವಲು ಆಗಲಿಲ್ಲ. ಸುಂಕಲಮ್ಮ ಬಂದು ತಿರುವಿದಳು. "ಮುಂದೆ, ಇನ್ನೂ ಮುಂದೆ" ಎನ್ನುತ್ತಿದ್ದವನು ಒಂದು ಕಡೆ ನಿಲ್ಲಿಸಿದ.

"ಇಲ್ಲೀ ತನಕ ನಂದು, ಮೇಷ್ಟ್ರೆ. ಇಲ್ಲಿಂದಾಚೆಗೆ ಇವಳದು. ಹೆಸರು ಮಾತ್ರ ನಂದು ಹಾಕ್ಕೊಂಡೆ."

ಧರ್ಮಪ್ಪ ಮೇಷ್ಟ್ರು ಎರಡು ಪುಟಗಳನ್ನೂ ಹೋಲಿಸಿ ನೋಡಿದರು. "ವ್ಯತ್ಯಾಸ ಕಾಣಲ್ಲವಲ್ಲ."

"ನನಗೆ ಕಾಣ್ತೈತೆ. ಇವಳ ಸಾಲು ನಂದಕ್ಕಿಂತ ಚೂರು ಸಡಿಲ. ಓದಾಕೆ ಅದೇ ವಾಸಿ."

ಮೇಷ್ಟ್ರು ಹೋದ ಮೇಲೂ ಸುಂಕಲಮ್ಮ ಅಲ್ಲೇ ನಿಂತಿದ್ದಳು. ಅವಳಿಗೆ ಸಂತೋಷವಾಗಬೇಕಿತ್ತು. "ಮರುಳಪ್ಪನೋರು ಇದ್ದಾಗ ಹೇಳ್ಬೇಕಿತ್ತು" ಎಂದಳು. "ಅವ್ರಿಗೆ ಗೊತ್ತಾಗಬೇಕಿತ್ತು."

"ಹ್ಞೂಂ" ಎಂದ ಓಂಕಾರಪ್ಪ. ಆ ದಿನ ಮನೆಯವರೆಗೂ ಅವಳು ಅವನಿಗಿಂತ ನಾಲ್ಕು ಮಾರು ಮುಂದೆಯೇ ನಡೆದಳು.

ಆಮೇಲೆ ದಾವಣಗೆರೆಗೆ ಮೊಳೆಯಿಲ್ಲದೆ ಅಚ್ಚು ಹಾಕುವ ಆಫ್‌ಸೆಟ್ ಬಂತು. ಲಗ್ನಪತ್ರಿಕೆಗಳು ಬಣ್ಣದಲ್ಲಿ ಅಲ್ಲಿಂದಲೇ ಬರತೊಡಗಿದವು. ಮಹೇಶ್ವರಪ್ಪನವರು ಸೀಸವನ್ನೆಲ್ಲ ತೂಕಕ್ಕೆ ಹಾಕಿ ಅಂಗಡಿಗೆ ಬೀಗ ಜಡಿದರು. ಹೊನ್ನಾಳಿಯಲ್ಲಿ ಗಿಡ್ಡಪ್ಪ ಎಂಬುವವರದು ಒಂದು ಹಳೆಯ, ಕಾಲಲ್ಲಿ ತುಳಿಯುವ ಟ್ರೆಡಲ್ ಪ್ರೆಸ್ಸು ಇನ್ನೂ ನಡೆಯುತ್ತಿತ್ತು. ಆಳು ಬೇಕೆಂದು ಕೇಳಿ ಇಬ್ಬರೂ ಹೋದರು. ಗಿಡ್ಡಪ್ಪ ಇಬ್ಬರ ಮುಖವನ್ನೂ, ಓಂಕಾರಪ್ಪನ ಕೈಗಳನ್ನೂ ನೋಡಿ, "ಕಂಪೋಸಿಂಗ್ ಯಾರು ಮಾಡೋರು?" ಎಂದು ಕೇಳಿದರು.

"ಇವಳು" ಎಂದ ಓಂಕಾರಪ್ಪ. "ಸುಂಕಲಮ್ಮ ಅಂತ. ನಾನು ಪ್ರೂಫ್ ನೋಡ್ತೀನಿ."

ಗಿಡ್ಡಪ್ಪ ಒಳಗೆ ಕೈ ತೋರಿಸಿದರು. ಸುಂಕಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಸಿನ ಮುಂದೆ ಹೋಗಿ ನಿಂತು, ಮೊಳೆಗಳ ಮೇಲಿನ ಧೂಳನ್ನು ಊದಿದಳು.